ಹುಂಡಿಗೆ ಬಿದ್ದ ತಪ್ಪುಕಾಣಿಕೆ

ತಪ್ಪುಕಾಣಿಕೆ ಎಂಬ ಮಾತು ಕಿವಿಗೆ ಬಿದ್ದರೆ ಈಚೆಗೆ ನನಗೆ ಹೇಸಿಗೆಯಾಗುತ್ತದೆ. ಮಾತಿನ ಮೇಲಲ್ಲ, ಅದನ್ನು ಆಡುವವರ ಮೇಲೆ. ಚಾಮರಾಜನಗರದ ನೋಂದಣಿ ಕಚೇರಿಯ ಎದುರಿನ ಹೊಂಗೆಮರದ ಕೆಳಗೆ ಮೇಜು ಹಾಕಿಕೊಂಡು ನನ್ನ ಆಯುಷ್ಯದ ಬಹುಪಾಲು ಪತ್ರ ಬರೆದವನು ನಾನು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಉಯಿಲು. ಒಂದು ಪದ ತನ್ನ ಜಾಗ ಬಿಟ್ಟು ಕದಲಿದರೆ ಒಂದು ಮನೆ ಎರಡಾಗುವುದನ್ನು ಕಣ್ಣಾರೆ ಕಂಡವನು. ಹಾಗಾಗಿ ಪದಗಳ ವಿಷಯದಲ್ಲಿ ನನಗೆ ಔದಾರ್ಯ ಕಡಿಮೆ.

ನಮ್ಮ ಸೀಮೆಯಲ್ಲಿ ಈ ಪದದ ಅರ್ಥವನ್ನು ನಾನು ಕಲಿತದ್ದು ತಾಯಿಯಿಂದ. ಆಗ ನಾನು ಪತ್ರ ಬರೆಯಲು ಕುಳಿತು ಒಂದೆರಡು ವರ್ಷವಾಗಿತ್ತಷ್ಟೆ. ಮನೆಯ ತಾಮ್ರದ ಕೊಡವೊಂದು ಕಾಣೆಯಾಗಿತ್ತು. ಸೇದುವ ಬಾವಿಯ ಕಟ್ಟೆಯ ಮೇಲೆ ಹತ್ತು ಜನ ಹೆಂಗಸರ ನಡುವೆ ನಿಂತು ನನ್ನ ತಾಯಿ, ಅದು ಪಕ್ಕದ ಮನೆಯವಳ ಅಟ್ಟದ ಮೇಲಿದೆ ಎಂದುಬಿಟ್ಟಿದ್ದಳು. ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಸಿದಾಗ ಕೆಸರಿನೊಳಗಿಂದ ಕೊಡ ಮೇಲೆ ಬಂತು. ಅಂದು ಮಧ್ಯಾಹ್ನವೇ ಆಕೆ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು, ಬೀದಿಯ ಜನ ನೋಡುತ್ತಿರುವಂತೆಯೇ ಪಕ್ಕದ ಮನೆಗೆ ಹೋದಳು. ಜಗಲಿ ಹತ್ತಲಿಲ್ಲ. ಕೆಳಗೆ ನಿಂತೇ ಹೇಳಿದಳು: “ಕೊಡ ಕದ್ದೆ ಅಂತ ನಿನ್ ಮ್ಯಾಲೆ ಒರಿಸ್ದೆ. ನೀನು ಕದ್ದಿರ್ಲಿಲ್ಲ. ತಪ್ಪು ನಂದು ಕಣಕ್ಕ.”

ಆ ಹೆಂಗಸು ಕೇರುತ್ತಿದ್ದ ಮೊರವನ್ನು ಕೆಳಗಿಡಲಿಲ್ಲ. “ನಂಗೊಬ್ಳಿಗೆ ಯೋಳುದ್ರೆ ಆಗೋಯ್ತಾ? ಬಾವಿತಾವ ಅಂದೋಳು ಬಾವಿತಾವ ಯೋಳು” ಎಂದಳು.

ಸಂಜೆ ನೀರು ಸೇದುವ ಹೊತ್ತಿಗೆ ನನ್ನ ತಾಯಿ ಬಾವಿಯ ಬಳಿ ಹೋಗಿ ಅದೇ ಮಾತನ್ನು ಅಷ್ಟೇ ಗಟ್ಟಿಯಾಗಿ ಆಡಿದಳು. ಆಮೇಲೆ ಆ ಇಬ್ಬರೂ ಒಟ್ಟಿಗೆ ಮಾದಪ್ಪನ ಗುಡಿಗೆ ಹೋಗಿ ಕಾಯಿ ಒಡೆಸಿದರು. ಒಡೆದ ಹೋಳುಗಳಲ್ಲಿ ಒಂದು ಅವಳಿಗೆ, ಒಂದು ಇವಳಿಗೆ. ಮೊದಲು ನೋವುಂಡವರು, ಆಮೇಲೆ ಆ ಮಾತನ್ನು ಕೇಳಿಸಿಕೊಂಡವರು, ಕಟ್ಟಕಡೆಗೆ ದೇವರು: ತಪ್ಪುಕಾಣಿಕೆ ಹೋಗಬೇಕಾದ ದಾರಿ ಇದು. ದೇವರು ಅಲ್ಲಿ ಸಾಕ್ಷಿ. ಪತ್ರದಲ್ಲಿ ಸಾಕ್ಷಿಯ ರುಜು ಬೀಳುವುದು ಪಕ್ಷಗಾರರ ರುಜು ಬಿದ್ದ ಮೇಲೆಯೇ.

ಈಗಿನವರು ಮೊದಲ ಎರಡು ಮನೆಗಳನ್ನು ದಾಟಿ ನೇರವಾಗಿ ಮೂರನೆಯದಕ್ಕೆ ಹೋಗುತ್ತಾರೆ. ಕೆರೆಯ ಕಾಲುವೆಯನ್ನು ಮುಚ್ಚಿ ಅಂಗಡಿಸಾಲು ಕಟ್ಟಿಸಿದವನು ಗುಡಿಗೆ ಕಂಚಿನ ಗಂಟೆ ಕೊಡುತ್ತಾನೆ. ಕೆಳಗಿನ ಗದ್ದೆಗಳು ಒಣಗಿಯೇ ಇರುತ್ತವೆ, ಗಂಟೆ ಮೊಳಗುತ್ತಿರುತ್ತದೆ. ಅಣ್ಣನ ಪಾಲಿನ ಹೊಲವನ್ನು ಒತ್ತಿ ಉತ್ತವನು ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಹುಂಡಿಯಲ್ಲಿ ತಪ್ಪುಕಾಣಿಕೆ ಹಾಕಿ, ತಲೆ ಬೋಳಿಸಿಕೊಂಡು ಬಂದು, ಅದೇ ಹೊಲದಲ್ಲಿ ಅರಿಶಿನ ನೆಡುತ್ತಾನೆ. ಇಂಥವರ ಬೋಳುತಲೆಗಳನ್ನು ನಾನು ಬಹಳ ಕಂಡಿದ್ದೇನೆ. ಒಂದರ ಮೇಲೂ ನನಗೆ ಗೌರವ ಹುಟ್ಟಲಿಲ್ಲ.

ಆದರೂ ಅವೆಲ್ಲ ಊರವರ ಸಂಗತಿಗಳಾಗಿದ್ದವು. ಹೋದ ವರ್ಷ ಆಷಾಢದಲ್ಲಿ ಅದು ನನ್ನ ತಂಗಿಯ ಹೊಸ್ತಿಲಿಗೇ ಬಂತು.

ತಂಗಿಯನ್ನು ಕೊಟ್ಟಿರುವುದು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಊರಿಗೆ. ಊರಿನ ಹೆಸರು ಇಲ್ಲಿ ಬೇಡ. ಅವಳ ಮನೆಯ ಎದುರಿಗೇ ಹಾಲಿನ ಡೈರಿ. ಎರಡು ಸೀಮೆಹಸು ಕಟ್ಟಿಕೊಂಡಿರುವ ಅವಳು ದಿನವೂ ಬೆಳಿಗ್ಗೆ ಡೈರಿಯ ಬಾಗಿಲು ತೆಗೆಯುವ ಮುಂಚೆಯೇ ಕ್ಯಾನು ಹಿಡಿದು ಸಾಲಿನಲ್ಲಿ ಮೊದಲು ನಿಲ್ಲುತ್ತಾಳೆ. ಮದುವೆಯಾಗಿ ಹೋದಂದಿನಿಂದ ನಡೆದುಬಂದ ಪದ್ಧತಿ. ಡೈರಿಯ ಕಾರ್ಯದರ್ಶಿ ಹೊರಗಿನವನಲ್ಲ. ಅವಳ ಗಂಡನ ಚಿಕ್ಕಪ್ಪನ ಮೊಮ್ಮಗ, ಅವಳನ್ನು ದೊಡ್ಡವ್ವ ಎಂದು ಕರೆಯುವವನು, ನನ್ನನ್ನು ಮಾವ ಎನ್ನುವವನು.

ಡೈರಿಯಲ್ಲಿ ಈಗ ಹಾಲನ್ನು ಪರೀಕ್ಷಿಸುವುದು ಒಂದು ಮೆಷಿನ್ನು. ಸಣ್ಣ ಲೋಟದಲ್ಲಿ ಹಾಲು ಹಿಡಿದು ಅದರ ಕೊಳವೆಯ ಕೆಳಗೆ ಇಟ್ಟರೆ ಅದೇ ಹೀರಿಕೊಂಡು ಕೊಬ್ಬೆಷ್ಟು, ನೀರೆಷ್ಟು ಎಂದು ತೋರಿಸುತ್ತದೆ. ಆ ದಿನ ಬೆಳಿಗ್ಗೆ ತಂಗಿಯ ಹಾಲನ್ನು ಇಟ್ಟಾಗ ನೀರಿದೆ ಎಂದು ತೋರಿಸಿತು. ಕಾರ್ಯದರ್ಶಿ ತಲೆಯೆತ್ತಿ, ಹಿಂದೆ ನಿಂತಿದ್ದ ಅಷ್ಟೂ ಜನರಿಗೆ ಕೇಳುವಂತೆ ಹೇಳಿದ:

“ಇದೇನ್ ದೊಡ್ಡವ್ವ, ಹಾಲ್ಗೆ ನೀರು ಉಯ್ದಿದ್ಯೋ, ನೀರ್ಗೆ ಹಾಲು ಉಯ್ದಿದ್ಯೋ?”

ಸಾಲು ನಕ್ಕಿತು. ಹಿಂದಿನಿಂದ ಯಾರೋ, “ಬೋರ್‌ವೆಲ್ ಪಕ್ಕದಲ್ಲೇ ಹಸ ಕಟ್ಟವ್ಳೆ ಕಣಪ್ಪ, ಅದು ಕುಡ್ದಂಗೇ ಕರೀತದೆ” ಎಂದರು. ತಂಗಿ ಕ್ಯಾನು ವಾಪಸ್ಸು ತಂದಳು. ಎರಡನೆಯ ದಿನವೂ ಅದೇ. ಮೂರನೆಯ ದಿನ ಅವಳು ಬೇರೆ ಹೆಂಗಸರನ್ನು ಕರೆದು ಅವರ ಕಣ್ಣೆದುರಿಗೇ ಹಾಲು ಕರೆದು ಒಯ್ದಳು. ಮೆಷಿನ್ನು ನೀರೆಂದೇ ಹೇಳಿತು. ಅಂದು ಅವನು ಗೋಡೆಯ ಕರಿಹಲಗೆಯ ಮೇಲೆ ಅವಳ ಹೆಸರು ಬರೆದು, ಮುಂದೆ “ನೀರು” ಎಂದು ಬರೆದ. ಅಕ್ಷರ ದುಂಡಗಿದ್ದವಂತೆ. ದುರುಳತನಕ್ಕೆ ಕೆಲವರು ಬಹಳ ಅಚ್ಚುಕಟ್ಟಾದ ಅಕ್ಷರ ಬಳಸುತ್ತಾರೆ.

ನಾಲ್ಕನೆಯ ದಿನ ಅವಳು ಡೈರಿಗೆ ಹೋಗಲಿಲ್ಲ. ಊಟಿ ರಸ್ತೆಯ ಪಕ್ಕದಲ್ಲಿ ಕೇರಳದ ಗಾಡಿಗಳು ನಿಲ್ಲುವ ಟೀ ಅಂಗಡಿಯೊಂದಕ್ಕೆ ಹಾಲು ಒಯ್ದಳು. ಅಂಗಡಿಯವನು ಮಲಯಾಳಿ, ಒಳ್ಳೆಯ ಮನುಷ್ಯನೇ. ಆದರೂ ಕ್ಯಾನಿನ ಮುಚ್ಚಳ ತೆಗೆದು ಬೆರಳದ್ದಿ ನೋಡುತ್ತ, “ಡೈರಿಯಲ್ಲಿ ಬೇಡ ಅಂದಿದ್ದು ಇದೇ ಹಾಲಾ ಅಮ್ಮ?” ಎಂದು ಕೇಳಿದನಂತೆ. ಅವಳಿಗಿಂತ ಮುಂಚೆ ಆ ಮಾತು ಅಲ್ಲಿಗೆ ನಡೆದುಹೋಗಿತ್ತು.

ಇತ್ತ ಡೈರಿಯಲ್ಲಿ ಅದೇ ನಾಲ್ಕನೆಯ ದಿನ, ತಂಗಿಯಿಲ್ಲದ ಕಾರಣ, ಸಾಲಿನಲ್ಲಿ ಮೊದಲು ನಿಂತವಳು ಡೈರಿ ಅಧ್ಯಕ್ಷನ ಹೆಂಡತಿ. ಮೆಷಿನ್ನು ಅವಳ ಹಾಲಿಗೂ ನೀರು ತೋರಿಸಿತು. ಈಗ ಯಾರೂ ನಗಲಿಲ್ಲ. ಹಲಗೆಯ ಮೇಲೆ ಯಾರ ಹೆಸರೂ ಏರಲಿಲ್ಲ. ಮೆಷಿನ್ನೇ ಕೆಟ್ಟಿರಬೇಕೆಂದು ಎಲ್ಲರಿಗೂ ಒಮ್ಮೆಗೇ ಹೊಳೆಯಿತು. ಮಧ್ಯಾಹ್ನದೊಳಗೆ ರಿಪೇರಿಯವನು ಬಂದ. ಕೊಳವೆ ಕಟ್ಟಿಕೊಂಡಿತ್ತು. ಹಿಂದಿನ ದಿನ ತೊಳೆದ ನೀರು ಅದರೊಳಗೇ ನಿಂತು, ಬೆಳಿಗ್ಗೆ ಮೊದಲು ಇಟ್ಟ ಹಾಲಿಗೆ ಬೆರೆಯುತ್ತಿತ್ತು. ಮೊದಲ ಸಲ ಒಂದಿಷ್ಟು ಹಾಲು ಹೀರಿಸಿ ಚೆಲ್ಲಿ, ಆಮೇಲೆ ಪರೀಕ್ಷೆ ಮಾಡಬೇಕೆಂದು ಕಾರ್ಯದರ್ಶಿಗೆ ಮೊದಲೇ ಹೇಳಿಕೊಟ್ಟಿದ್ದರು. ಅವನು ಅದನ್ನು ಬಿಟ್ಟಿದ್ದ. ಎಲ್ಲರಿಗಿಂತ ಮುಂಚೆ ಏಳುತ್ತಿದ್ದಳು ಎಂಬ ಒಂದೇ ಕಾರಣಕ್ಕೆ ನನ್ನ ತಂಗಿ ಕಳ್ಳಿಯಾಗಿದ್ದಳು.

ಇಷ್ಟಾದ ಮೇಲೆ ಅವನು ಮಾಡಬೇಕಾದದ್ದು ರಸ್ತೆ ದಾಟಿ ಎದುರುಮನೆಗೆ ಹೋಗುವುದು. ಇಪ್ಪತ್ತು ಹೆಜ್ಜೆ. ಅವನು ಹೋದದ್ದು ಊರಿನ ಆ ತುದಿಯಲ್ಲಿರುವ ಮಾದಪ್ಪನ ಗುಡಿಗೆ. ಸೋಮವಾರ ಸ್ನಾನ ಮಾಡಿ, ಹಳದಿ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ ಹುಂಡಿಗೆ ಹಾಕಿ, ಕಾಯಿ ಒಡೆಸಿದ. ಗುಡಿಯ ಯಜಮಾನ ಜಗಲಿಯ ಮೇಲೆ ನಿಂತು, “ಏನೋ ಒಂದು ತಪ್ಪು ಆಗಿತ್ತು, ಹುಡ್ಗ ಕಾಣ್ಕೆ ಆಕವ್ನೆ, ಇನ್ ಯಾರೂ ಆ ಮಾತ ಎತ್ಕೂಡ್ದು” ಎಂದು ಘೋಷಿಸಿದ. ಯಾವ ತಪ್ಪು, ಯಾರಿಗೆ ಮಾಡಿದ್ದು, ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ತಂಗಿಯನ್ನು ಕರೆದಿರಲಿಲ್ಲ. ಹೊತ್ತೇರಿದ ಮೇಲೆ ಯಜಮಾನನೇ ಅರ್ಧ ಹೋಳು ಕಾಯಿ ತಂದು ಅವಳಿಗೆ ಕೊಡಲು ಬಂದ. ಅವಳು ಕೈ ಚಾಚಲಿಲ್ಲ. ಅವನು ಅದನ್ನು ಜಗಲಿಯ ಮೇಲಿಟ್ಟು ಹೋದ. ಹೋಳು ಅಲ್ಲೇ ಒಣಗಿತು.

ಅಂದಿನಿಂದ ಊರಿನ ಮಾತು ತಿರುಗಿತು. ಹಾಲಿಗೆ ನೀರು ಹಾಕಿದವಳು ಎಂದು ನಿನ್ನೆಯವರೆಗೆ ಅಂದವರು, ಮಾದಪ್ಪನ ಪ್ರಸಾದ ಬೇಡವೆಂದವಳು ಎಂದು ಈಗ ಅನ್ನತೊಡಗಿದರು. ಮೊದಲನೆಯದು ಸುಳ್ಳಾಗಿತ್ತು. ಎರಡನೆಯದನ್ನು ಅವಳ ಕೈಯಲ್ಲೇ ಮಾಡಿಸಿ ನಿಜಮಾಡಿದರು. ಕೆಡುಕನ್ನು ಸರಿಪಡಿಸುವ ಹೆಸರಿನಲ್ಲಿ ಅದನ್ನು ಎರಡರಷ್ಟು ಮಾಡುವ ಕಲೆ ಇದು.

ಸುದ್ದಿ ಮುಟ್ಟಿದ ಮರುದಿನವೇ ನಾನು ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದು ಗುಂಡ್ಲುಪೇಟೆಗೆ ಹೋಗಿ, ಅಲ್ಲಿಂದ ಆ ಊರಿಗೆ ಹೋದೆ. ತಂಗಿ ಕೊಟ್ಟಿಗೆಯಲ್ಲಿದ್ದಳು. ಅವಳ ಗಂಡ ಜಗಲಿಯ ಮೇಲೆ ಕುಳಿತು, ಒಣಗಿದ ಹೋಳಿಗೂ ತನಗೂ ನಡುವೆ ಒಂದು ಮಾರು ಜಾಗ ಬಿಟ್ಟುಕೊಂಡಿದ್ದ.

“ಆಯ್ತು ಬುಡಿ ಬಾವ,” ಎಂದ. “ಊರಲ್ಲಿ ಬಾಳ್ಬೇಕಲ್ಲ.”

ಈ ಮಾತನ್ನು ಅವನು ತನ್ನ ಮದುವೆಯ ದಿನ ನಮ್ಮ ಕಡೆಯವರಿಗೆ ಎರಡನೇ ಪಂಕ್ತಿಯಲ್ಲಿ ಎಲೆ ಹಾಕಿದಾಗಲೂ ನನಗೆ ಹೇಳಿದ್ದ. ನಾನು ಮರೆತಿಲ್ಲ.

“ನಿನಗೆ ಏನು ಬೇಕು?” ಎಂದು ತಂಗಿಯನ್ನು ಕೇಳಿದೆ.

“ನಂಗೇನೂ ಬ್ಯಾಡ ಕಣಣ್ಣ. ಅವ್ನು ನೀರಿತ್ತು ಅಂದ್ನಲ್ಲ, ಇರ್ಲಿಲ್ಲ ಅನ್ಲಿ,” ಎಂದಳು.

ಸಂಜೆ ಗುಡಿಯ ಜಗಲಿಯಲ್ಲಿ ಯಜಮಾನನೂ ಕಾರ್ಯದರ್ಶಿಯೂ ಇದ್ದರು. ಇನ್ನೂ ನಾಲ್ಕಾರು ಜನ ಬಂದು ಕುಳಿತರು. ನಾನು ವಿಷಯವನ್ನು ಮೊದಲಿನಿಂದ ಕ್ರಮವಾಗಿ ಹೇಳಿದೆ. ಯಜಮಾನ ವಿಭೂತಿ ತಟ್ಟೆಯನ್ನು ನನ್ನ ಕಡೆ ಸರಿಸಿ ಹೇಳಿದ:

“ಅದೆಲ್ಲ ಮುಗ್ದೋಯ್ತಲ್ಲ ಸ್ವಾಮಿ. ತಪ್ಪುಕಾಣ್ಕೆ ಬಿದ್ದೋಯ್ತು.”

“ಯಾರಿಗೆ ಬಿತ್ತು?”

“ಮಾದಪ್ಪಂಗೆ.”

“ಮಾದಪ್ಪ ನಿಮ್ಮ ಡೈರಿಗೆ ಹಾಲು ಹಾಕ್ತಿದ್ನಾ? ಈ ಹುಡುಗ ನೀರು ಅಂದದ್ದು ಮಾದಪ್ಪನ ಹಾಲಿಗಾ?”

ಕೆಳಗೆ ಕುಳಿತವರಲ್ಲಿ ಒಬ್ಬ ನಕ್ಕು, ನಗಬಾರದಿತ್ತೆಂದು ಕೆಮ್ಮಿದ. ಕಾರ್ಯದರ್ಶಿ ಮೊಬೈಲಿನಿಂದ ಕಣ್ಣು ತೆಗೆಯದೆ ಹೇಳಿದ:

“ದ್ಯಾವ್ರೇ ಒಪ್ಕಂಡದೆ ಮಾವ. ದ್ಯಾವ್ರಿಗಿಂತ ನೀವು ದೊಡ್ಡೋರಾ?”

ಯಾರೂ ಅವನನ್ನು ಗದರಲಿಲ್ಲ. ಯಜಮಾನ ಗುಡಿಯ ಸೂರನ್ನು ನೋಡುತ್ತಿದ್ದ. ಆ ಮಾತನ್ನು ಕಾರ್ಯದರ್ಶಿ ಆಡಿದ್ದು, ಅಲ್ಲಿ ಇದ್ದವರು, ಯಾರು ಯಾವ ಕಂಬಕ್ಕೆ ಒರಗಿದ್ದರು, ಎಲ್ಲವೂ ನನ್ನ ನೆನಪಿನಲ್ಲಿ ದಾಖಲಾಗಿದೆ.

ನಾನು ಅವರಿಗೆ ನನ್ನ ಕಸುಬಿನದೇ ಒಂದು ಸಂಗತಿ ಹೇಳಿದೆ. ಪುಣಜನೂರಿನ ಕಡೆಯ ಒಂದು ಜಮೀನಿನ ಕ್ರಯಪತ್ರದಲ್ಲಿ, ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆ ಬರೆಯುವಾಗ, ಪೂರ್ವಕ್ಕೆ ಕಾಡು ಎಂದು ಬರೆಯಬೇಕಾದಲ್ಲಿ ಪಶ್ಚಿಮಕ್ಕೆ ಕಾಡು ಎಂದು ನನ್ನ ಕೈಯಿಂದಲೇ ಬಿದ್ದಿತ್ತು. ಅದನ್ನು ಸರಿಪಡಿಸಲು ತಿದ್ದುಪಡಿ ಪತ್ರ ಬರೆಯಬೇಕಾಯಿತು. ತಿದ್ದುಪಡಿ ಪತ್ರದಲ್ಲಿ ಸರಿಯಾದದ್ದನ್ನು ಮಾತ್ರ ಬರೆದರೆ ಸಾಲದು. ಇಂಥ ಪತ್ರದಲ್ಲಿ ಹೀಗೆಂದು ತಪ್ಪಾಗಿ ನಮೂದಾಗಿದೆ ಎಂದು ಮೊದಲು ಆ ತಪ್ಪನ್ನೇ ಪೂರ್ತಿಯಾಗಿ ಬರೆಯಬೇಕು. ಆ ತಪ್ಪಿನಿಂದ ನಷ್ಟ ಅನುಭವಿಸಿದವನು ಎದುರಿಗಿರಬೇಕು. ಮತ್ತು ಮೊದಲ ಪತ್ರ ಎಲ್ಲಿ ದಾಖಲಾಯಿತೋ ತಿದ್ದುಪಡಿಯೂ ಅದೇ ಕಚೇರಿಯಲ್ಲಿ ದಾಖಲಾಗಬೇಕು. ಬೇರೆ ಊರಿನ ಕಚೇರಿಯಲ್ಲಿ, ಎಷ್ಟೇ ದೊಡ್ಡ ಅಧಿಕಾರಿಯ ಮುಂದೆ ಅಡ್ಡಬಿದ್ದರೂ, ಆ ಜಮೀನಿನ ಕಾಡು ಪಶ್ಚಿಮಕ್ಕೇ ಇರುತ್ತದೆ.

ಇದು ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಕಾರ್ಯದರ್ಶಿಗೆ ಬೇಸರವಾಗಿತ್ತು, ಅದು ತಿಳಿಯಿತು. “ಅದೇನ್ ಬರೀತೀರೋ ಬರ್ಕಳಿ ಮಾವ, ಸೈನ್ ಆಕ್ತೀನಿ. ಸಾಕಾಗೋಯ್ತು,” ಎಂದ. ನಾನು ಚೀಲದಿಂದ ಕಾಗದ ತೆಗೆದು ಅಲ್ಲೇ ಬರೆದೆ. ಮೂರು ದಿನ ತನ್ನ ದೊಡ್ಡಮ್ಮನ ಹಾಲಿಗೆ ನೀರು ಬೆರೆಸಿದೆಯೆಂದು ತಾನು ಸಾರ್ವಜನಿಕವಾಗಿ ಆಡಿದ್ದೂ, ಹಲಗೆಯ ಮೇಲೆ ಬರೆದದ್ದೂ ತಪ್ಪೆಂದು, ಅವಳ ಹಾಲು ಶುದ್ಧವಾಗಿತ್ತೆಂದು, ಒಂದು ವಿಶೇಷಣವೂ ಹೆಚ್ಚಾಗದಂತೆ ಹನ್ನೊಂದು ಸಾಲು. ಅವನು ಓದದೆ ಸಹಿ ಹಾಕಿದ. ಯಜಮಾನ ಸಾಕ್ಷಿ ಹಾಕಿದ.

ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ತಂಗಿಯ ಮನೆಗೆ ಬರುವಾಗ ನನಗೆ ಗೆದ್ದ ಸಮಾಧಾನವಿತ್ತೆಂದು ಒಪ್ಪಿಕೊಳ್ಳಬೇಕು. ಒಲೆಯ ಮುಂದೆ ಕುಳಿತಿದ್ದ ಅವಳಿಗೆ ಕಾಗದವನ್ನು ಓದಿ ಹೇಳಿದೆ. ಅವಳು ಕೊನೆಯವರೆಗೂ ಕೇಳಿ, ಸೌದೆಯನ್ನು ಒಳಕ್ಕೆ ನೂಕಿದಳು.

“ಚೆಂದಾಗಿ ಬರ್ದಿದ್ದೀಯ,” ಎಂದಳು. “ಆದ್ರೆ ಅವ್ನು ಕಾಗ್ದದಲ್ಲಿ ಅಂದಿರ್ಲಿಲ್ವಲ್ಲಣ್ಣ. ಬಾಯಲ್ಲಂದ.”

“ಸಹಿ ಹಾಕಿದ್ದಾನಲ್ಲ.”

“ಇದ ನಾನು ಪೆಟ್ಗೇಲಿ ಮಡಗ್ಬೇಕು. ಯಾರು ನೋಡಾರು? ಅವ್ನು ಹುಂಡೀಲಿ ಆಕ್ದ, ನೀನು ಪೆಟ್ಗೇಲಿ ಆಕ್ಸ್ತಿದ್ದೀಯ.”

ನನಗೆ ಮುಖಕ್ಕೆ ಹೊಡೆದಂತಾಯಿತು. ತಾಯಿ ಬಾವಿಯ ಬಳಿ ನಿಂತದ್ದನ್ನು ಕಂಡವನು ನಾನು. ಆ ಜಗಲಿಯಲ್ಲಿ ಅಷ್ಟು ಹೊತ್ತು ಊರವರಿಗೆ ಉಪದೇಶ ಮಾಡಿದವನೂ ನಾನೇ. ಆದರೂ ನನಗೆ ಬರುವ ಕೆಲಸ ಕಾಗದದ್ದು ಎಂಬ ಕಾರಣಕ್ಕೆ, ಅವನಿಗೆ ಸುಲಭವಾದ ದಾರಿಯನ್ನೇ ನಾನೂ ಹಿಡಿದಿದ್ದೆ. ಆ ಹನ್ನೊಂದು ಸಾಲು ನನ್ನ ಕೈಬರಹವಲ್ಲವೇನೋ ಎಂಬಂತೆ ಅಸಹ್ಯವಾಗಿ ಕಂಡಿತು. ಅವಳು ಕೈ ನೀಡಿದಳು. ಕೊಟ್ಟೆ. ಅದನ್ನು ಒಲೆಗೆ ಹಾಕುತ್ತಾಳೆಂದುಕೊಂಡೆ, ಹಾಕಲಿಲ್ಲ. ಮಸಾಲೆ ಡಬ್ಬದ ಕೆಳಗೆ ಇಟ್ಟಳು.

ಬೆಳಿಗ್ಗೆ ಅವಳು ಹಾಲು ಕರೆದು, ಟೀ ಅಂಗಡಿಯ ಕಡೆ ಹೋಗದೆ, ರಸ್ತೆ ದಾಟಿ ಡೈರಿಯ ಬಾಗಿಲಲ್ಲಿ ನಿಂತಳು. ಎಂದಿನಂತೆ ಮೊದಲನೆಯವಳು. ನಾನು ಪಕ್ಕದ ಗೋಡೆಗೆ ಒರಗಿ ನಿಂತೆ. ಹಿಂದೆ ಸಾಲು ಬೆಳೆಯಿತು. ಅವಳ ಬೆನ್ನಿಗೇ ಅಧ್ಯಕ್ಷನ ಹೆಂಡತಿ. ಕಾರ್ಯದರ್ಶಿ ಬಂದು, ಅವಳನ್ನು ಕಂಡು, ಏನೂ ಆಗದವನಂತೆ ಮೆಷಿನ್ನು ಹಚ್ಚಿದ. ಈ ಸಲ ಅವಳ ಕ್ಯಾನಿನಿಂದ ತೆಗೆದ ಮೊದಲ ಲೋಟದ ಹಾಲನ್ನು ಹೀರಿಸಿ ಚೆಲ್ಲುವುದನ್ನು ಮರೆಯಲಿಲ್ಲ. ಆಮೇಲೆ ಪರೀಕ್ಷೆಯ ಲೋಟ ಇಟ್ಟ.

“ಉಯ್ಯಿ ದೊಡ್ಡವ್ವ,” ಎಂದ.

ತಂಗಿ ಕ್ಯಾನು ಎತ್ತಲಿಲ್ಲ. “ನೀರದಾ?”

“ಇಲ್ಲ, ಉಯ್ಯಿ.”

“ಅವತ್ತು?”

“ಯಾವತ್ತು?”

“ನೀನು ಹಲಗೆ ಮ್ಯಾಲೆ ಬರ್ದ್ಯಲ್ಲ, ಅವತ್ತು. ಅದ್ರ ಹಿಂದಿನ್ ಎರ್ಡು ದಿನ.”

ಅವನು ರಸೀತಿಯ ಚೀಟಿಯನ್ನು ನೋಡುತ್ತ ಕುಳಿತ. ಅವಳು ನಿಂತಳು. ಜೋರು ಮಾಡಲಿಲ್ಲ, ಅಳಲಿಲ್ಲ, ಕ್ಯಾನಿನ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತಳು. ಅವಳು ಕದಲದೆ ಮುಂದಿನವರು ಬರುವಂತಿರಲಿಲ್ಲ, ಬಾಗಿಲು ಅಷ್ಟು ಕಿರಿದು. ಹಾಲಿನ ಗಾಡಿ ಬರುವ ಹೊತ್ತಾಗಿತ್ತು. ಸಾಲಿನಲ್ಲಿ ಗುಜುಗುಜು ಶುರುವಾಯಿತು. ಒಬ್ಬಳು ಕ್ಯಾನಿನ ಮುಚ್ಚಳ ತೆಗೆದು ಮೂಸಿ ನೋಡಿದಳು. ಯಾರೋ “ಗಾಡಿ ಓಗ್ಬುಡ್ತದೆ ಕಣ್ಲಾ” ಎಂದು ಕೂಗಿದರು. ಕೊನೆಗೆ ಬಾಯಿ ಬಿಟ್ಟವಳು ಅಧ್ಯಕ್ಷನ ಹೆಂಡತಿ.

“ಯೋಳ್ಬುಡಪ್ಪ ಅತ್ಲಾಗಿ. ನಮ್ ಹಾಲು ಒಡ್ದೋಯ್ತದೆ.”

ಅವನು ಹೇಳಿದ. “ಅವತ್ತೂ ಇರ್ಲಿಲ್ಲ. ಮೆಷಿನ್ದು ತಪ್ಪು.”

“ಮೆಷಿನ್ನು ನಗ್ಲಿಲ್ಲ,” ಎಂದಳು ತಂಗಿ.

ಅವನ ಕಿವಿ ಕೆಂಪಾದದ್ದು ನಾನು ನಿಂತ ಕಡೆಗೂ ಕಾಣುತ್ತಿತ್ತು. “ತಪ್ಪು ನಂದು ದೊಡ್ಡವ್ವ,” ಎಂದ. ಹಿಂದಿನವರಿಗೆ ಕೇಳಿಸಿತು. ಅವಳು ಕ್ಯಾನು ಎತ್ತಿ ಹಾಲು ಹೊಯ್ದಳು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ.

ಅದು ಪಶ್ಚಾತ್ತಾಪವಲ್ಲ ಎಂದು ನನಗೆ ಗೊತ್ತು. ಇತರರ ಹಾಲು ಒಡೆಯುತ್ತದೆಂಬ ಭಯ ಆ ಮಾತನ್ನು ಅವನ ಗಂಟಲಿನಿಂದ ಹೊರಡಿಸಿತು. ಒಬ್ಬ ಹೆಂಗಸಿನ ಹೆಸರು ಕೆಟ್ಟಾಗ ಬಾರದ ಅವಸರ, ಕ್ಯಾನು ಹಾಲು ಕೆಡುವಾಗ ಆ ಸಾಲಿಗೆ ಬಂತು. ಮನೆಗೆ ಬಂದ ಮೇಲೆ ಇದನ್ನೇ ತಂಗಿಗೆ ಹೇಳಿದೆ. ಅವಳು ಕ್ಯಾನು ತೊಳೆಯುತ್ತಿದ್ದಳು.

“ಮನ್ಸಿಂದ ಬಂತೋ, ಗಾಡಿ ಬಂತು ಅಂತ ಬಂತೋ, ಅದು ಅವ್ನ ಬಾಬ್ತು. ಎಲ್ಲಿ ಅಂದಿದ್ನೋ ಅಲ್ಲಿ ಅಂದ್ನಲ್ಲ,” ಎಂದಳು. ಆಮೇಲೆ ಜಗಲಿಗೆ ಹೋಗಿ, ಒಣಗಿದ ಹೋಳನ್ನು ಎತ್ತಿ ತಿಪ್ಪೆಗೆ ಎಸೆದು ಬಂದಳು. ಅವಳ ಗಂಡ ಜಗಲಿಯಲ್ಲಿ ತನ್ನ ಹಳೆಯ ಜಾಗಕ್ಕೆ ಸರಿದು ಕುಳಿತ.

ನಾನು ಸೋಮವಾರದವರೆಗೆ ಅಲ್ಲೇ ಉಳಿದೆ. ಅಂದು ಅವಳೇ ಹೊಸ ಕಾಯಿ ಕೊಂಡು ಗುಡಿಗೆ ಹೋದಳು. ದಾರಿಯಲ್ಲಿ ಡೈರಿಯ ಬಾಗಿಲಲ್ಲಿ ನಿಂತು, “ಬಾರ್ಲಾ, ಓಗನ,” ಎಂದು ಅವನನ್ನು ಕರೆದಳು. ಅವನು ಬಂದ. ಯಜಮಾನ ಕಾಯಿ ಒಡೆದು ಒಂದು ಹೋಳು ಅವಳಿಗೆ, ಒಂದು ಹೋಳು ಅವನಿಗೆ ಕೊಟ್ಟ. ನನ್ನ ತಾಯಿ ನಡೆದ ದಾರಿಯಲ್ಲೇ ಸಂಗತಿ ಮುಗಿಯಿತು. ಅವಳ ಪಾಲಿಗೆ ಮುಗಿಯಿತು.

ಯಜಮಾನ ವಿಭೂತಿ ತಟ್ಟೆಯನ್ನು ಜಗಲಿಯ ಕೆಳಗೆ ನಿಂತಿದ್ದ ನನ್ನ ಮುಂದೆಯೂ ಹಿಡಿದ. ಕಾರ್ಯದರ್ಶಿ ಅವನ ಪಕ್ಕದಲ್ಲೇ ಇದ್ದ. ದೇವರಿಗಿಂತ ದೊಡ್ಡೋರಾ ಎಂದು ನನ್ನನ್ನು ಕೇಳಿದ್ದು ಇದೇ ಜಗಲಿಯ ಮೇಲೆ, ಇದೇ ಕಂಬದ ಬಳಿ. ಆ ಮಾತನ್ನೂ ಅವನು ಇಲ್ಲೇ ಹಿಂದೆ ತೆಗೆದುಕೊಳ್ಳಲಿ ಎಂದು ನಾನು ಕಾದೆ. ಅವನು ಕಾಯಿಯ ಹೋಳನ್ನು ಕಲ್ಲಿಗೆ ಕುಟ್ಟಿ ಚೂರು ಮಾಡಿ ಬಾಯಿಗೆ ಹಾಕಿಕೊಂಡ.

ನಾನು ವಿಭೂತಿಗೆ ಕೈಯೊಡ್ಡಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೊರಟೆ.